ಸರದಿಯ ಪೀಠ: ಓಸ್ನಾಬ್ರುಕ್ ಬಿಷಪ್ಪರ ಸಾವಿರದ ಇನ್ನೂರು ವರ್ಷ

ಉತ್ತರ ಜರ್ಮನಿಯ ಓಸ್ನಾಬ್ರುಕ್ ಪಟ್ಟಣದ ಪ್ರಧಾನಾಲಯದ ಗುರುಮಂಡಳಿ 1764ರ ಫೆಬ್ರವರಿ 27ರಂದು ಹೊಸ ಬಿಷಪ್ಪನನ್ನು ಚುನಾಯಿಸಿತು. ಆಯ್ಕೆಯಾದವನ ಹೆಸರು ಫ್ರೆಡರಿಕ್. ಬ್ರಿಟನ್ನಿನ ದೊರೆ ಮೂರನೆಯ ಜಾರ್ಜನ ಎರಡನೆಯ ಮಗ. ಹುಟ್ಟಿದ್ದು ಹಿಂದಿನ ವರ್ಷದ ಆಗಸ್ಟ್ 16ರಂದು. ಚುನಾವಣೆಯ ದಿನ ಆ ಕೂಸಿಗೆ ಆರು ತಿಂಗಳು ತುಂಬಿ ಹನ್ನೊಂದು ದಿನವಾಗಿತ್ತು. ಕೂಸಿನ ತಂದೆತಾಯಿ ಪ್ರಾಟೆಸ್ಟೆಂಟರು. ಆರಿಸಿದ ಮಂಡಳಿಯಲ್ಲಿ ಬಹುಪಾಲು ಕ್ಯಾಥೊಲಿಕರು.

ತೊಟ್ಟಿಲ ಬಿಷಪ್ಪನ ಈ ಕಥೆ ಕೇಳಿದವರು ಸಾಮಾನ್ಯವಾಗಿ ನಕ್ಕು ಮುಂದೆ ಹೋಗುತ್ತಾರೆ. ನನಗೆ ಇದು ಯುರೋಪಿನ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಘಟನೆ ಎನಿಸುತ್ತದೆ. ಆ ದಿನ ಅಲ್ಲಿ ಮೋಸ ನಡೆಯಲಿಲ್ಲ, ಯಾರೂ ಕತ್ತಿ ಹಿರಿಯಲಿಲ್ಲ. ನೂರ ಹದಿನಾರು ವರ್ಷಗಳ ಹಿಂದೆ ಆಗಿದ್ದ ಒಪ್ಪಂದದ ಪ್ರಕಾರ ಈ ಬಾರಿಯ ಸರದಿ ಪ್ರಾಟೆಸ್ಟೆಂಟರದು. ಕ್ಯಾಥೊಲಿಕ್ ಗುರುಗಳು ಆ ಸರದಿಯನ್ನು ಮನ್ನಿಸಿದರು, ಅಷ್ಟೆ. ಅವರ ಹಿಂದಿನ ತಲೆಮಾರುಗಳು ಇದೇ ಪ್ರಶ್ನೆಗೆ ಊರೂರು ಸುಟ್ಟಿದ್ದವು. ಯಾರ ನಂತರ ಯಾರು ಎಂಬ ಪ್ರಶ್ನೆಯನ್ನು ಒಂದು ಸಮಾಜ ರಕ್ತವಿಲ್ಲದೆ ಹೇಗೆ ಬಗೆಹರಿಸಿಕೊಳ್ಳುತ್ತದೆ ಎಂಬುದಕ್ಕೆ ಓಸ್ನಾಬ್ರುಕ್ ಬಿಷಪ್ಪರ ಪಟ್ಟಿಯಷ್ಟು ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪಟ್ಟಿ ಆರಂಭವಾಗುವುದು ಎಂಟನೆಯ ಶತಮಾನದ ಕೊನೆಯಲ್ಲಿ. ಫ್ರಾಂಕ್ ದೊರೆ ಶಾರ್ಲಮೇನ್ ಸ್ಯಾಕ್ಸನ್ ಬುಡಕಟ್ಟುಗಳನ್ನು ವರ್ಷಗಟ್ಟಲೆ ಯುದ್ಧ ಮಾಡಿ ಮಣಿಸಿ, ಗೆದ್ದ ನೆಲದಲ್ಲಿ ಒಂದೊಂದೇ ಧರ್ಮಕ್ಷೇತ್ರವನ್ನು ಸ್ಥಾಪಿಸುತ್ತ ಹೋದ. ಹಾಸೆ ನದಿಯ ದಡದಲ್ಲಿ ಹುಟ್ಟಿದ ಓಸ್ನಾಬ್ರುಕ್ ಅವುಗಳಲ್ಲೊಂದು. ವಿಹೊ ಅದರ ಮೊದಲ ಬಿಷಪ್. ಕತ್ತಿಯ ಬೆನ್ನ ಹಿಂದೆ ಬಂದ ಧರ್ಮ ಅದು ಎಂಬುದನ್ನು ಮರೆಯಬಾರದು. ಮುಂದೆ ಆ ಪೀಠಕ್ಕೆ ಅಂಟಿಕೊಂಡ ಲೌಕಿಕ ಅಧಿಕಾರದ ಬೇರು ಇರುವುದು ಅಲ್ಲೇ. ಜರ್ಮನಿಯ ಮಧ್ಯಯುಗದ ಬಿಷಪ್ ಎಂದರೆ ಬರಿಯ ಬಲಿಪೂಜೆ ಅರ್ಪಿಸುವ ಗುರುವಲ್ಲ. ಅವನಿಗೆ ನೆಲವಿತ್ತು, ಕೋಟೆಯಿತ್ತು, ಕಂದಾಯವಿತ್ತು, ನ್ಯಾಯ ತೀರ್ಮಾನದ ಹಕ್ಕಿತ್ತು, ಚಕ್ರವರ್ತಿಯ ಸಭೆಯಲ್ಲಿ ಆಸನವಿತ್ತು. ಬಿಷಪ್ಪನಾಗುವುದೆಂದರೆ ಅರಸನೂ ಆಗುವುದು. ಹಾಗಾಗಿ ಆ ಪೀಠಕ್ಕಾಗಿ ಅರಸು ಮನೆತನಗಳು ಕಾದು ಕೂರುತ್ತಿದ್ದವು. ಹಿರಿಯ ಮಗನಿಗೆ ರಾಜ್ಯ, ಕಿರಿಯನಿಗೆ ಒಂದು ಧರ್ಮಕ್ಷೇತ್ರ ಎಂಬುದು ಅಲ್ಲಿನ ಕುಟುಂಬ ನೀತಿ.

ಮೊದಲ ಏಳು ಶತಮಾನಗಳ ಹೆಸರುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ಎರಡನೆಯ ಬೆನ್ನೊ. 1068ರಿಂದ 1088ರವರೆಗೆ ಬಿಷಪ್ಪನಾಗಿದ್ದ ಈತ ಮೂಲತಃ ಕಟ್ಟಡ ಕಲೆಯಲ್ಲಿ ಪಳಗಿದವನು. ಸ್ಪೇಯರ್ ಪಟ್ಟಣದ ಮಹಾ ಪ್ರಧಾನಾಲಯದ ಅಡಿಪಾಯವನ್ನು ರೈನ್ ನದಿ ಕೊರೆಯತೊಡಗಿದಾಗ ಅದನ್ನು ಉಳಿಸಲು ಚಕ್ರವರ್ತಿ ಕರೆಸಿದ್ದು ಇವನನ್ನು. ಓಸ್ನಾಬ್ರುಕ್‌ನ ಜವುಗು ನೆಲದಲ್ಲಿ ದಾರಿ ಮಾಡಿಸಿದ, ಇಬುರ್ಗ್ ಗುಡ್ಡದ ಮೇಲೆ ಬೆನೆಡಿಕ್ಟನ್ ಮಠ ಕಟ್ಟಿಸಿದ. ತನ್ನ ಕ್ಷೇತ್ರದ ಆದಾಯಕ್ಕಾಗಿ ನಡೆದ ವ್ಯಾಜ್ಯದಲ್ಲಿ ಶಾರ್ಲಮೇನ್ ಹೆಸರಿನ ಖೊಟ್ಟಿ ಶಾಸನಗಳನ್ನು ಮುಂದಿಟ್ಟು ಗೆದ್ದವನೂ ಇವನೇ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಪೀಠದ ಹಿತವೆಂಬ ಒಂದೇ ಕಾರಣಕ್ಕೆ ಮಾಡಿದವರ ಸಾಲಿಗೆ ಬೆನ್ನೊ ಸೇರುತ್ತಾನೆ.

ಅವನ ಬದುಕಿನ ಒಂದು ಪ್ರಸಂಗವನ್ನು ಇಬುರ್ಗ್ ಮಠದ ನಾರ್ಬರ್ಟ್ ಬರೆದಿಟ್ಟಿದ್ದಾನೆ. ಚಕ್ರವರ್ತಿ ನಾಲ್ಕನೆಯ ಹೆನ್ರಿಗೂ ಪೋಪ್ ಏಳನೆಯ ಗ್ರೆಗೊರಿಗೂ ಬಿಷಪ್ಪರನ್ನು ನೇಮಿಸುವ ಹಕ್ಕು ಯಾರದೆಂಬ ಜಗಳ ತಾರಕಕ್ಕೇರಿದ್ದ ಕಾಲ. 1080ರಲ್ಲಿ ಬ್ರಿಕ್ಸೆನ್ ಎಂಬಲ್ಲಿ ಚಕ್ರವರ್ತಿ ಸಭೆ ಕರೆದು ಪೋಪರನ್ನು ಪದಚ್ಯುತಗೊಳಿಸುವ ನಿರ್ಣಯ ಮಾಡಿಸಿದ. ಬೆನ್ನೊ ಚಕ್ರವರ್ತಿಯ ಆಪ್ತ. ಪೋಪರ ವಿರುದ್ಧ ಸಹಿ ಹಾಕಲೂ ಮನಸ್ಸಿಲ್ಲ. ಸಭೆ ನಡೆಯುತ್ತಿದ್ದ ಚರ್ಚಿನ ಪೂಜಾಪೀಠದ ಹಿಂದೆ ಒಂದು ಪೊಳ್ಳು ಜಾಗವಿತ್ತು. ಬೆನ್ನೊ ಅದರೊಳಗೆ ಹೊಕ್ಕು, ನಿರ್ಣಯವೆಲ್ಲ ಮುಗಿಯುವವರೆಗೆ ಅಡಗಿ ಕೂತು, ಆಮೇಲೆ ಹೊರಬಂದು ತನ್ನ ಜಾಗದಲ್ಲಿ ಕೂತನಂತೆ. ಇದನ್ನು ಪುಕ್ಕಲುತನ ಎನ್ನಲು ನಾನು ಸಿದ್ಧನಿಲ್ಲ. ಎರಡು ನಿಷ್ಠೆಗಳ ನಡುವೆ ಸಿಕ್ಕಿದವನಿಗೆ ಆ ಕಾಲ ಬಿಟ್ಟುಕೊಟ್ಟ ಜಾಗ ಅಷ್ಟೇ ಇತ್ತು.

ಹದಿನಾರನೆಯ ಶತಮಾನಕ್ಕೆ ಬಂದರೆ ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ. ಲೂಥರನ ಸುಧಾರಣೆ ಓಸ್ನಾಬ್ರುಕ್‌ಗೆ ಹೊರಗಿನಿಂದ ನುಗ್ಗಿದ್ದಕ್ಕಿಂತ ಬಿಷಪ್ಪನ ಕೈಯಿಂದಲೇ ಒಳಬಂತು ಎನ್ನಬೇಕು. 1532ರಿಂದ ಪೀಠದಲ್ಲಿದ್ದ ಫ್ರಾಂಜ್ ಫಾನ್ ವಾಲ್ಡೆಕ್ ಮ್ಯೂನ್‌ಸ್ಟರ್ ಮತ್ತು ಮಿಂಡೆನ್ ಕ್ಷೇತ್ರಗಳಿಗೂ ಒಡೆಯ. ಅವನಿಗೆ ಸಂಗಾತಿ ಇದ್ದಳು, ಮಕ್ಕಳಿದ್ದರು. 1543ರಲ್ಲಿ ಅವನು ಲೂಬೆಕ್‌ನಿಂದ ಹರ್ಮನ್ ಬೊನ್ನುಸ್ ಎಂಬ ಲುಥೆರನ್ ಪಂಡಿತನನ್ನು ಕರೆಸಿ ಪಟ್ಟಣಕ್ಕೂ ಹಳ್ಳಿಗಳಿಗೂ ಹೊಸ ಪೂಜಾಕ್ರಮ ಬರೆಸಿದ. ಐದು ವರ್ಷಗಳಲ್ಲಿ ಕ್ಯಾಥೊಲಿಕ್ ಚಕ್ರವರ್ತಿಯ ಕೈ ಮೇಲಾಯಿತು. ಪ್ರಧಾನಾಲಯದ ಗುರುಮಂಡಳಿ ಪಟ್ಟು ಹಿಡಿಯಿತು. 1548ರಲ್ಲಿ ಬಿಷಪ್ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕಾಗದದಲ್ಲಿ ಹಿಂದಕ್ಕೆ ಬಂದದ್ದು ಜನರ ಮನಸ್ಸಿನಿಂದ ಬರಲಿಲ್ಲ. ಮುಂದಿನ ಎಪ್ಪತ್ತೈದು ವರ್ಷ ಅಲ್ಲಿನ ಹಳ್ಳಿಗರು ತಾವು ಹಳೆಯ ಪಂಥದವರೋ ಹೊಸ ಪಂಥದವರೋ ಎಂದು ಖಚಿತವಾಗಿ ಹೇಳಲಾಗದಂತೆ ಬದುಕಿದರು. ಕ್ಯಾಥೊಲಿಕ್ ಗುರು ಮದುವೆಯಾಗಿರುತ್ತಿದ್ದ, ಲುಥೆರನ್ ಭಕ್ತ ಹಳೆಯ ಹಬ್ಬಗಳನ್ನು ಬಿಡುತ್ತಿರಲಿಲ್ಲ. ಪೀಠಕ್ಕೂ ಹಲವು ಬಾರಿ ಲುಥೆರನ್ ಒಲವಿನ ರಾಜಕುಮಾರರು ಬಂದರು.

ಈ ಮಸುಕನ್ನು ಕತ್ತರಿಸಿ ಬೇರ್ಪಡಿಸಿದವನು ಫ್ರಾಂಜ್ ವಿಲ್ಹೆಲ್ಮ್ ಫಾನ್ ವಾರ್ಟೆನ್‌ಬೆರ್ಗ್. 1625ರಲ್ಲಿ ಪೀಠವೇರಿದ. ತಂದೆ ಬವೇರಿಯಾದ ಅರಸು ಮನೆತನದವನು. ತಾಯಿ ಸಾಮಾನ್ಯ ಮನೆಯವಳಾದ್ದರಿಂದ ಮಗನಿಗೆ ರಾಜ್ಯದ ಹಕ್ಕಿರಲಿಲ್ಲ. ಅವನು ದೃಢ ಕ್ಯಾಥೊಲಿಕ್, ಕೆಲಸಗಾರ, ರಾಜಿ ಎಂಬ ಮಾತನ್ನೇ ಸಹಿಸದವನು. ಯೇಸುಸಭೆಯವರನ್ನು ಕರೆತಂದ, ಲುಥೆರನ್ ಬೋಧಕರನ್ನು ಹೊರಹಾಕಿದ, 1632ರಲ್ಲಿ ವಿಶ್ವವಿದ್ಯಾಲಯವೊಂದನ್ನು ಆರಂಭಿಸಿದ. ಮರುವರ್ಷವೇ, ಮೂವತ್ತು ವರ್ಷಗಳ ಯುದ್ಧದ ನಡುವೆ, ಸ್ವೀಡನ್ ಸೇನೆ ಪಟ್ಟಣವನ್ನು ಹಿಡಿಯಿತು. ಬಿಷಪ್ ಓಡಿಹೋದ, ವಿಶ್ವವಿದ್ಯಾಲಯ ಮುಚ್ಚಿತು. ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫನ ವಿವಾಹಬಾಹಿರ ಮಗ ಗುಸ್ತಾವ್ ಗುಸ್ತಾವ್‌ಸನ್ ಕ್ಷೇತ್ರದ ಒಡೆಯನಾಗಿ ಕೂತ. ಪಟ್ಟಣದವರಿಗೆ ಮತ್ತೊಂದು ವಿಶ್ವವಿದ್ಯಾಲಯ ಬರಲು 1974ರವರೆಗೆ ಕಾಯಬೇಕಾಯಿತು.

ಮೂವತ್ತು ವರ್ಷಗಳ ಯುದ್ಧ ಮುಗಿಸಲು ಸಂಧಾನ ಆರಂಭವಾದಾಗ ಎರಡು ಊರುಗಳನ್ನು ಆರಿಸಿದರು. ಫ್ರಾನ್ಸ್ ಹಾಗೂ ಕ್ಯಾಥೊಲಿಕ್ ಪಕ್ಷ ಮ್ಯೂನ್‌ಸ್ಟರ್‌ನಲ್ಲಿ, ಸ್ವೀಡನ್ ಹಾಗೂ ಪ್ರಾಟೆಸ್ಟೆಂಟ್ ಪಕ್ಷ ಓಸ್ನಾಬ್ರುಕ್‌ನಲ್ಲಿ. ಪೋಪರ ರಾಯಭಾರಿ ಫಾಬಿಯೊ ಕಿಜಿ ಪಾಷಂಡಿಗಳೊಂದಿಗೆ ಒಂದೇ ಮೇಜಿಗೆ ಕೂರಲಾರೆ ಎಂದದ್ದೂ ಇದಕ್ಕೊಂದು ಕಾರಣ. ವಾರ್ಟೆನ್‌ಬೆರ್ಗ್ ಆ ಮಾತುಕತೆಯಲ್ಲಿ ಕ್ಯಾಥೊಲಿಕ್ ಪಕ್ಷದ ಅತಿ ಗಟ್ಟಿ ದನಿ. ಹಲವು ಗೈರುಹಾಜರಿ ಅರಸರ ಮತಗಳನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಒಂದಂಗುಲವೂ ಬಿಡಬಾರದೆಂದು ವಾದಿಸುತ್ತಿದ್ದವನ ಸ್ವಂತ ಪೀಠವೇ ಆ ಮೇಜಿನ ಮೇಲೆ ಚೌಕಾಸಿಗೆ ಬಂತು.

ಚೌಕಾಸಿಯ ಹಿನ್ನೆಲೆ ಹೀಗೆ. ಬ್ರೌನ್‌ಶ್ವೈಗ್-ಲೂನೆಬುರ್ಗ್ ಎಂಬ ಲುಥೆರನ್ ಅರಸು ಮನೆತನಕ್ಕೆ ಉತ್ತರದ ಹಲವು ಧರ್ಮಕ್ಷೇತ್ರಗಳ ಮೇಲೆ ಕಣ್ಣಿತ್ತು. ಸಂಧಾನದಲ್ಲಿ ಅವುಗಳಲ್ಲಿ ಹೆಚ್ಚಿನವು ಸ್ವೀಡನ್ನಿಗೆ, ಬ್ರಾಂಡೆನ್‌ಬುರ್ಗಿಗೆ ಹಂಚಿಹೋದವು. ಆ ಮನೆತನಕ್ಕೆ ಏನಾದರೂ ಕೊಡಬೇಕು. ಓಸ್ನಾಬ್ರುಕ್ ಕೊಡೋಣವೆಂದರೆ ಕ್ಯಾಥೊಲಿಕರು ಬಿಡರು. ಬಿಡೋಣವೆಂದರೆ ಪ್ರಾಟೆಸ್ಟೆಂಟರು ಒಪ್ಪರು. ಕೊನೆಗೆ ಒಪ್ಪಂದದ ಹದಿಮೂರನೆಯ ವಿಧಿಯಾಗಿ ಬರೆದದ್ದು ಇದು: ವಾರ್ಟೆನ್‌ಬೆರ್ಗ್ ಬದುಕಿರುವವರೆಗೆ ಬಿಷಪ್ಪನಾಗಿರಲಿ. ಅವನ ನಂತರ ಆ ಲುಥೆರನ್ ಮನೆತನದ ಅರ್ನ್‌ಸ್ಟ್ ಆಗುಸ್ಟ್. ಅವನ ನಂತರ ಗುರುಮಂಡಳಿ ತನ್ನಿಷ್ಟದ ಕ್ಯಾಥೊಲಿಕನನ್ನು ಆರಿಸಲಿ. ಆಮೇಲೆ ಮತ್ತೆ ಅದೇ ಮನೆತನದ ಒಬ್ಬ ರಾಜಕುಮಾರ. ಹೀಗೇ ಎಂದೆಂದಿಗೂ. ಸ್ವೀಡನ್ನಿನ ಗುಸ್ತಾವ್‌ಸನ್‌ಗೆ ಜಾಗ ಖಾಲಿ ಮಾಡಲು 80,000 ಥಾಲರ್ ಪರಿಹಾರ.

1648ರ ಅಕ್ಟೋಬರ್ 25ರಂದು ಓಸ್ನಾಬ್ರುಕ್ ಪುರಭವನದ ಮೆಟ್ಟಿಲುಗಳ ಮೇಲಿಂದ ಶಾಂತಿಯ ಘೋಷಣೆಯಾಯಿತು. ಪೋಪ್ ಹತ್ತನೆಯ ಇನೊಸೆಂಟ್ ಒಪ್ಪಂದವನ್ನು ಖಂಡಿಸಿ, ಧರ್ಮಕ್ಕೆ ಹಾನಿ ತರುವ ಅದರ ವಿಧಿಗಳು ಅಸಿಂಧುವೆಂದು ಸಾರಿದರು. ಖಂಡನೆಯನ್ನು ಮೊದಲೇ ಊಹಿಸಿ, ಯಾರ ಪ್ರತಿಭಟನೆಗೂ ಬೆಲೆಯಿಲ್ಲವೆಂದು ಒಪ್ಪಂದದಲ್ಲೇ ಬರೆದಿದ್ದರು.

ಕಾಗದದ ಮೇಲೆ ಒಂದು ವಾಕ್ಯವಾಗಿ ಚೆಂದ ಕಾಣುವ ಈ ಏರ್ಪಾಟು ನೆಲದ ಮೇಲೆ ನಡೆಯಬೇಕಾದರೆ ನೂರು ಪ್ರಶ್ನೆಗಳಿಗೆ ಉತ್ತರ ಬೇಕಿತ್ತು. 1650ರಲ್ಲಿ ಅದಕ್ಕೊಂದು ಶಾಶ್ವತ ಕರಾರು ಪತ್ರ ಸಿದ್ಧವಾಯಿತು. ಓಸ್ನಾಬ್ರುಕ್ ಪ್ರಯೋಗದ ನಿಜವಾದ ಜಾಣ್ಮೆ ಇರುವುದು ಅದರಲ್ಲಿ. ಯಾವ ಊರಿನ ಚರ್ಚು ಯಾವ ಪಂಥಕ್ಕೆ ಎಂಬುದು 1624ರಲ್ಲಿ ಇದ್ದಂತೆ ನಿಗದಿಯಾಯಿತು. ಪೀಠದಲ್ಲಿ ಯಾರು ಕೂತರೂ ಅದು ಬದಲಾಗದು. ಬಿಷಪ್ ಲುಥೆರನ್ ಆಗಿದ್ದಾಗ ಕ್ಯಾಥೊಲಿಕರ ಆಧ್ಯಾತ್ಮಿಕ ವಿಚಾರಗಳನ್ನು ಕೊಲೋನ್‌ನ ಮಹಾಧರ್ಮಾಧ್ಯಕ್ಷರು ತಮ್ಮ ಪ್ರತಿನಿಧಿಗಳ ಮೂಲಕ ನೋಡಿಕೊಳ್ಳಬೇಕು. ಬಿಷಪ್ ಕ್ಯಾಥೊಲಿಕ್ ಆಗಿದ್ದಾಗ ಲುಥೆರನ್ ಚರ್ಚುಗಳ ಆಡಳಿತದಲ್ಲಿ ಅವನು ಕೈಹಾಕಬಾರದು. ಗುರುಮಂಡಳಿಯಲ್ಲೂ ಬಹುಮತ ಕ್ಯಾಥೊಲಿಕರದಾದರೆ, ಕೆಲವು ಸ್ಥಾನ ಲುಥೆರನ್ನರಿಗೆ. ಒಟ್ಟಿನಲ್ಲಿ, ಅರಸ ಯಾವ ಪಂಥವೋ ಪ್ರಜೆಯೂ ಅದೇ ಎಂದು ಜರ್ಮನಿಯಲ್ಲಿ ಒಂದು ಶತಮಾನದಿಂದ ನಡೆದುಬಂದ ನಿಯಮವನ್ನು ಇಲ್ಲಿ ಕಿತ್ತುಹಾಕಿದ್ದರು. ಅರಸ ಬದಲಾಗುತ್ತಿದ್ದ, ಪ್ರಜೆಯ ಪ್ರಾರ್ಥನೆ ಬದಲಾಗುತ್ತಿರಲಿಲ್ಲ.

ಇದನ್ನು ಸಹಿಷ್ಣುತೆ ಎಂದು ಹೊಗಳಲು ಅವಸರ ಬೇಡ. ಬರೆದವರು ಪರಸ್ಪರ ಪ್ರೀತಿಯಿಂದ ಬರೆಯಲಿಲ್ಲ, ದಣಿದು ಬರೆದರು. ಒಬ್ಬರನ್ನೊಬ್ಬರು ಅಳಿಸಿಹಾಕಲು ಸಾಧ್ಯವಿಲ್ಲವೆಂದು ಮೂವತ್ತು ವರ್ಷಗಳ ಹೆಣಗಳು ಅವರಿಗೆ ಕಲಿಸಿದ್ದವು. ಎರಡು ಪಂಥಗಳ ಆಚೆಗಿನವರಿಗೆ ಅದರಲ್ಲಿ ಜಾಗವಿರಲಿಲ್ಲ. ಹಳ್ಳಿಗರನ್ನು ಯಾರೂ ಕೇಳಲಿಲ್ಲ. ಮಸುಕಾಗಿ ಎರಡೂ ಆಗಿದ್ದವರು ಯಾವುದಾದರೂ ಒಂದಾಗಲೇಬೇಕಾಯಿತು. ಆದರೂ ಆ ದಣಿವಿನ ಕರಾರು ನೂರೈವತ್ತು ವರ್ಷ ಬಾಳಿತು. ಪ್ರೀತಿಯ ಹೆಸರಿನಲ್ಲಿ ಮಾಡಿದ ಎಷ್ಟೋ ಒಪ್ಪಂದಗಳು ಅಷ್ಟು ಬಾಳಿಲ್ಲ.

ವಾರ್ಟೆನ್‌ಬೆರ್ಗ್ ಮರಳಿ ಬಂದು, ಉಳಿದದ್ದನ್ನು ಕಟ್ಟಿಕೊಂಡು ಆಳಿದ. ಪೋಪ್ ಏಳನೆಯ ಅಲೆಕ್ಸಾಂಡರ್ ಆಗಿದ್ದ ಹಳೆಯ ರಾಯಭಾರಿ ಕಿಜಿಯಿಂದಲೇ ಕಾರ್ಡಿನಲ್ ಪದವಿ ಪಡೆದು 1661ರ ಡಿಸೆಂಬರ್‌ನಲ್ಲಿ ತೀರಿಕೊಂಡ. 1662ರಲ್ಲಿ ಅರ್ನ್‌ಸ್ಟ್ ಆಗುಸ್ಟ್ ಬಿಷಪ್ಪನಾಗಿ ಇಬುರ್ಗ್ ಅರಮನೆಗೆ ಬಂದ. ಜತೆಗೆ ಹೆಂಡತಿ ಸೋಫಿಯಾ, ಪುಟ್ಟ ಮಕ್ಕಳು. ಬೆನ್ನೊ ಕಟ್ಟಿಸಿದ ಮಠ ಅದೇ ಗುಡ್ಡದ ಮೇಲೆ, ಅದೇ ಕಟ್ಟಡ ಸಮೂಹದಲ್ಲಿತ್ತು. ಒಂದು ಕಡೆ ಬೆನೆಡಿಕ್ಟನ್ ಸನ್ಯಾಸಿಗಳ ಜಪ, ಇನ್ನೊಂದು ಕಡೆ ಲುಥೆರನ್ ಬಿಷಪ್ಪನ ಮಕ್ಕಳ ಆಟ. ಅಲ್ಲೇ 1668ರಲ್ಲಿ ಹುಟ್ಟಿದ ಮಗಳು ಸೋಫಿ ಶಾರ್ಲೊಟ್ ಮುಂದೆ ಪ್ರಷ್ಯಾದ ಮೊದಲ ರಾಣಿಯಾದಳು. ಬರ್ಲಿನ್ನಿನ ಶಾರ್ಲೊಟೆನ್‌ಬುರ್ಗ್ ಅವಳ ಹೆಸರನ್ನು ಹೊತ್ತಿದೆ. ಸೋಫಿಯಾ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ಮೊಮ್ಮಗಳು. 1701ರಲ್ಲಿ ಇಂಗ್ಲೆಂಡಿನ ಸಂಸತ್ತು ಕ್ಯಾಥೊಲಿಕರನ್ನು ಸಿಂಹಾಸನದಿಂದ ದೂರವಿಡುವ ಕಾಯಿದೆ ಮಾಡಿದಾಗ ವಾರಸುದಾರಿಕೆ ಅವಳ ಸಂತತಿಗೆ ಒಲಿಯಿತು. ಹಾಗೆ 1714ರಲ್ಲಿ ಬ್ರಿಟನ್ನಿನ ದೊರೆಯಾದ ಒಂದನೆಯ ಜಾರ್ಜ್ ಓಸ್ನಾಬ್ರುಕ್ ಬಿಷಪ್ಪನ ಮಗ. ಅರ್ನ್‌ಸ್ಟ್ ಆಗುಸ್ಟ್ ಪಟ್ಟಣದಲ್ಲಿ ಹೊಸ ಅರಮನೆ ಕಟ್ಟಿಸಿ ಇಬುರ್ಗ್‌ನಿಂದ ಅಲ್ಲಿಗೆ ಬಂದ. ಇಂದಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಅದೇ.

1698ರಲ್ಲಿ ಸರದಿ ಕ್ಯಾಥೊಲಿಕರಿಗೆ ಬಂತು. ಲೊರೇನ್ ಮನೆತನದ ಕಾರ್ಲ್ ಯೋಸೆಫ್ ಆಯ್ಕೆಯಾದ. 1715ರಲ್ಲಿ ಅವನು ಸತ್ತ ಮೇಲೆ ಒಂದನೆಯ ಜಾರ್ಜನ ತಮ್ಮ, ಎರಡನೆಯ ಅರ್ನ್‌ಸ್ಟ್ ಆಗುಸ್ಟ್. 1727ರ ಜೂನ್‌ನಲ್ಲಿ ತನ್ನ ಮನೆತನದ ಜರ್ಮನ್ ರಾಜ್ಯವಾದ ಹ್ಯಾನೋವರ್‌ಗೆ ಪ್ರಯಾಣ ಮಾಡುತ್ತಿದ್ದ ದೊರೆ ಜಾರ್ಜನಿಗೆ ದಾರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಅವನು ಕೊನೆಯುಸಿರೆಳೆದದ್ದು ತಮ್ಮನಾದ ಬಿಷಪ್ಪನ ಅರಮನೆಯಲ್ಲಿ. ಮರುವರ್ಷ ತಮ್ಮನೂ ಸತ್ತ.

ಮತ್ತೆ ಕ್ಯಾಥೊಲಿಕ್ ಸರದಿ. ಬಂದವನು ಬವೇರಿಯಾದ ಕ್ಲೆಮೆನ್ಸ್ ಆಗುಸ್ಟ್. ಕೊಲೋನ್, ಮ್ಯೂನ್‌ಸ್ಟರ್, ಪಾಡರ್‌ಬಾರ್ನ್, ಹಿಲ್ಡೆಸ್‌ಹೈಮ್ ಪೀಠಗಳು ಅವನಲ್ಲಿ ಆಗಲೇ ಇದ್ದವು, ಓಸ್ನಾಬ್ರುಕ್ ಐದನೆಯದು. ವಿಟೆರ್ಬೊದಲ್ಲಿ ಪೋಪ್ ಹದಿಮೂರನೆಯ ಬೆನೆಡಿಕ್ಟರಿಂದಲೇ ಅಭಿಷೇಕ ಪಡೆದ ಈ ಬಿಷಪ್ ಬೇಟೆಗೂ ಅರಮನೆಗಳಿಗೂ ನೀರಿನಂತೆ ಹಣ ಸುರಿದ. ಬ್ರೂಲ್‌ನ ಆಗುಸ್ಟುಸ್‌ಬುರ್ಗ್ ಅರಮನೆ, ಸ್ಯೋಗೆಲ್ ಬಳಿಯ ಕ್ಲೆಮೆನ್ಸ್‌ವೆರ್ತ್ ಬೇಟೆಮನೆ ಇಂದಿಗೂ ನೋಡುಗರನ್ನು ಸೆಳೆಯುತ್ತವೆ. ಅವುಗಳ ಚೆಲುವನ್ನು ಒಪ್ಪಿಕೊಂಡೇ ಹೇಳುತ್ತೇನೆ: ಐದು ಕ್ಷೇತ್ರಗಳ ಕುರುಬನಾದವನಿಗೆ ಯಾವ ಹಿಂಡಿನ ಪರಿಚಯವೂ ಸರಿಯಾಗಿ ಇರಲು ಸಾಧ್ಯವಿಲ್ಲ. ಪಂಥಗಳ ನಡುವಿನ ಸರದಿ ನ್ಯಾಯವಾಗಿತ್ತು; ಪೀಠವನ್ನು ಅರಸು ಮಕ್ಕಳ ಜಹಗೀರಾಗಿ ಕಂಡದ್ದು ಅನ್ಯಾಯ. ಆ ಅನ್ಯಾಯದಲ್ಲಿ ಎರಡೂ ಪಂಥಗಳದು ಸಮಪಾಲು.

1761ರಲ್ಲಿ ಕ್ಲೆಮೆನ್ಸ್ ಸತ್ತಾಗ ಮೂರನೆಯ ಜಾರ್ಜನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಪೀಠ ಎರಡನೆಯ ಮಗನಿಗಾಗಿ ಖಾಲಿ ಕಾಯಿತು. ಫ್ರೆಡರಿಕ್ ಹುಟ್ಟಿ, ಆಯ್ಕೆಯಾಗಿ, ಇಪ್ಪತ್ತು ತುಂಬುವವರೆಗೆ ಆಡಳಿತ ನಡೆದದ್ದು ಅವನ ತಂದೆಯ ಹೆಸರಿನಲ್ಲಿ. ನಿಜವಾಗಿ ನಡೆಸಿದವನು ಯೂಸ್ಟುಸ್ ಮ್ಯೋಸರ್ ಎಂಬ ಊರಿನ ವಕೀಲ. ತಾನು ಲುಥೆರನ್ ಆದರೂ ಎರಡೂ ಪಕ್ಷಗಳ ಕಾಗದಪತ್ರಗಳನ್ನು ಬಾಯಿಪಾಠ ಬಲ್ಲವನು. ಪ್ರತಿ ಹಳ್ಳಿಯ ರೂಢಿ, ಜಮೀನಿನ ಹಕ್ಕು, ಒಕ್ಕಲು ಮನೆಗಳ ಕಷ್ಟ ಅವನಿಗೆ ಗೊತ್ತಿತ್ತು. 1768ರಲ್ಲಿ ಅವನು ಪ್ರಕಟಿಸಿದ ಓಸ್ನಾಬ್ರುಕ್ ಚರಿತ್ರೆ ಅರಸರ ಬದಲು ರೈತ ಮನೆಗಳಿಂದ ಇತಿಹಾಸವನ್ನು ಕಟ್ಟಲು ಹೊರಟ ಮೊದಲ ಪುಸ್ತಕಗಳಲ್ಲೊಂದು. ಕವಿ ಗಯಟೆ ಅವನ ಬರಹಗಳ ಅಭಿಮಾನಿ. ಬಿಷಪ್ ತೊಟ್ಟಿಲಲ್ಲಿದ್ದಾಗ ಕ್ಷೇತ್ರ ಸುಭದ್ರವಾಗಿತ್ತೆಂದರೆ ಅದರ ಶ್ರೇಯ ಈ ಗುಮಾಸ್ತ ಮನಸ್ಸಿನ ಮಹಾಪುರುಷನಿಗೆ ಸಲ್ಲಬೇಕು.

ಫ್ರೆಡರಿಕ್ ಬೆಳೆದು ಸೈನಿಕನಾದ. 1784ರಲ್ಲಿ ಯಾರ್ಕ್ ಡ್ಯೂಕ್ ಪದವಿ ಬಂತು. ಮುಂದೆ ಬ್ರಿಟಿಷ್ ರಾಜಸೇನೆಯ ಮಹಾದಂಡನಾಯಕನಾದ. ಕನ್ನಡ ನಾಡಿಗೂ ಈ ಬಿಷಪ್ಪನಿಗೂ ಒಂದು ನಂಟು ಇರುವುದು ಇಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದಾಗ, ಈಸ್ಟ್ ಇಂಡಿಯಾ ಕಂಪನಿಯ ಪಡೆಗಳೊಂದಿಗೆ ಆರ್ಥರ್ ವೆಲ್ಲೆಸ್ಲಿಯ 33ನೆಯ ರೆಜಿಮೆಂಟಿನಂಥ ರಾಜಸೇನೆಯ ದಳಗಳೂ ಇದ್ದವು. ಯುದ್ಧದ ಆಜ್ಞೆ ಬಂದದ್ದು ಗವರ್ನರ್ ಜನರಲ್‌ನಿಂದ, ಮುತ್ತಿಗೆ ನಡೆಸಿದವನು ಜನರಲ್ ಹ್ಯಾರಿಸ್. ಆದರೆ ಆ ರಾಜದಳಗಳು ಸೇರಿದ್ದ ಸೇನೆಯ ಶಿಖರದಲ್ಲಿ ಲಂಡನ್ನಿನಲ್ಲಿ ಕೂತಿದ್ದವನು ಓಸ್ನಾಬ್ರುಕ್‌ನ ಬಿಷಪ್. ಅದಕ್ಕೂ ಹದಿನಾರು ವರ್ಷ ಮೊದಲು, 1783ರಲ್ಲಿ, ಎರಡನೆಯ ಮೈಸೂರು ಯುದ್ಧದ ಕಾಲದ ಕಡಲೂರು ಕದನದಲ್ಲಿ ಕಂಪನಿಯ ಪರ ಕಾದಿದವರಲ್ಲಿ ಹ್ಯಾನೋವರ್‌ನ ಜರ್ಮನ್ ಸೈನಿಕರಿದ್ದರು. ಅವರನ್ನು ಕಳಿಸಿಕೊಟ್ಟವನು ಈ ಬಿಷಪ್ಪನ ತಂದೆ.

1803ರಲ್ಲಿ ಎಲ್ಲವೂ ಮುಗಿಯಿತು. ನೆಪೋಲಿಯನ್ನನ ಒತ್ತಡದಲ್ಲಿ ಜರ್ಮನಿಯ ಧರ್ಮಕ್ಷೇತ್ರಗಳ ರಾಜ್ಯಗಳಲ್ಲಿ ಹೆಚ್ಚಿನವನ್ನು ಸುತ್ತಲಿನ ಅರಸರಿಗೆ ಹಂಚಿದರು. ಓಸ್ನಾಬ್ರುಕ್ ಹ್ಯಾನೋವರ್‌ಗೆ ಸೇರಿತು. ಅರಸು ಬಿಷಪ್ಪರ ಸಾಲಿನ ಕೊನೆಯವನು, ಕ್ಯಾಥೊಲಿಕ್ ಪೀಠದ ಪಟ್ಟಿಯಲ್ಲಿ ಶಾಶ್ವತವಾಗಿ ಉಳಿದುಹೋದ ಒಬ್ಬ ಇಂಗ್ಲಿಷ್ ಪ್ರಾಟೆಸ್ಟೆಂಟ್ ಸೇನಾನಿ.

ಆಮೇಲಿನ ಐವತ್ತು ವರ್ಷ ಕ್ಯಾಥೊಲಿಕರಿಗೆ ಕುರುಬನೇ ಇರಲಿಲ್ಲ ಎನ್ನಬಹುದು. ಸಹಾಯಕ ಧರ್ಮಾಧ್ಯಕ್ಷ ಕಾರ್ಲ್ ಫಾನ್ ಗ್ರುಬೆನ್, ಅವರ ನಂತರ ಆಂಟನ್ ಲುಪ್ಕೆ ಬರಿಯ ಉಸ್ತುವಾರಿಯಲ್ಲಿ ಕಾಲ ನೂಕಿದರು. 1824ರಲ್ಲಿ ಪೋಪರ ಆಜ್ಞಾಪತ್ರವೇನೋ ಕ್ಷೇತ್ರದ ಮರುಸ್ಥಾಪನೆಗೆ ಒಪ್ಪಿತ್ತು. ಪೀಠಕ್ಕೆ ಬೇಕಾದ ಹಣ ಇರಲಿಲ್ಲ. ಕೊನೆಗೆ 1857ರಲ್ಲಿ ಲುಥೆರನ್ ರಾಜ್ಯವಾದ ಹ್ಯಾನೋವರ್ ಅದಕ್ಕೆ ದಾರಿ ಮಾಡಿತು. ಹತ್ತಿರದ ಓಸ್ಟರ್‌ಕಾಪೆಲ್ನ್ ಹಳ್ಳಿಯಲ್ಲಿ ಹುಟ್ಟಿ ಹ್ಯಾನೋವರ್‌ನ ಮಂತ್ರಿಯಾಗಿಯೂ ದುಡಿದ ಕ್ಯಾಥೊಲಿಕ್ ನಾಯಕ ಲುಡ್ವಿಗ್ ವಿಂಡ್‌ಹೋರ್ಸ್ಟ್ ಅದಕ್ಕಾಗಿ ಶ್ರಮಿಸಿದ್ದರು. ಹೊಸ ಬಿಷಪ್ ಪೌಲ್ ಮೆಲ್ಕರ್ಸ್‌ಗೆ ಕೋಟೆಯಿಲ್ಲ, ಕಂದಾಯವಿಲ್ಲ, ಸೈನ್ಯವಿಲ್ಲ. ಗುರುವಾಗಿ ಮಾತ್ರ ಬಂದರು. ಪೀಠಕ್ಕೆ ಇದರಿಂದ ಒಳ್ಳೆಯದೇ ಆಯಿತೆಂದು ನನ್ನ ನಂಬಿಕೆ.

1866ರಲ್ಲಿ ಮೆಲ್ಕರ್ಸ್ ಕೊಲೋನ್‌ನ ಮಹಾಧರ್ಮಾಧ್ಯಕ್ಷರಾದರು. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕ್ಯಾಥೊಲಿಕ್ ಧರ್ಮಸಭೆಯನ್ನು ಸರಕಾರದ ಹಿಡಿತಕ್ಕೆ ತರಲು ಹೊರಟಾಗ ಅವರು ಮಣಿಯಲಿಲ್ಲ. 1874ರಲ್ಲಿ ಜೈಲು ಸೇರಿದರು. ಆಮೇಲೆ ಗಡಿ ದಾಟಿ ಹಾಲೆಂಡಿನಲ್ಲಿ ನೆಲೆಸಿದರು. ಅದೇ ಸಂಘರ್ಷದಲ್ಲಿ ಓಸ್ನಾಬ್ರುಕ್‌ನ ಬಿಷಪ್ ಬೆಕ್‌ಮನ್ 1878ರಲ್ಲಿ ತೀರಿಕೊಂಡಾಗ ನಾಲ್ಕು ವರ್ಷ ಪೀಠ ಖಾಲಿ ಉಳಿಯಿತು. 1882ರಲ್ಲಿ ಬೆರ್ನ್‌ಹಾರ್ಡ್ ಹ್ಯೋಟಿಂಗ್, 1899ರಲ್ಲಿ ಹ್ಯೂಬರ್ಟ್ ಫೋಸ್.

1914ರಲ್ಲಿ ಬಂದ ವಿಲ್ಹೆಲ್ಮ್ ಬೆರ್ನಿಂಗ್ 41 ವರ್ಷ ಆ ಪೀಠದಲ್ಲಿದ್ದರು. ಅವರ ಬಗ್ಗೆ ಬರೆಯುವುದು ಸುಲಭವಲ್ಲ. 1933ರ ಏಪ್ರಿಲ್‌ನಲ್ಲಿ ಜರ್ಮನ್ ಬಿಷಪ್ಪರ ಪರವಾಗಿ ಹಿಟ್ಲರನನ್ನು ಭೇಟಿಯಾದವರಲ್ಲಿ ಅವರೊಬ್ಬರು. ಅದೇ ವರ್ಷ ನಾಜಿ ನಾಯಕ ಗೋರಿಂಗ್ ಕೊಟ್ಟ ಪ್ರಷ್ಯಾ ರಾಜ್ಯ ಸಲಹೆಗಾರ ಪದವಿಯನ್ನು ಸ್ವೀಕರಿಸಿದರು. 1936ರಲ್ಲಿ ತಮ್ಮ ಕ್ಷೇತ್ರದಲ್ಲೇ ಇದ್ದ ಎಮ್ಸ್‌ಲಾಂಡ್ ಬಂದೀಶಿಬಿರಗಳಿಗೆ ಭೇಟಿ ಕೊಟ್ಟರು. ಹೀಗೆ ಒಳಗಿದ್ದರೆ ಧರ್ಮಸಭೆಯನ್ನು ಕಾಪಾಡಬಹುದು ಎಂದುಕೊಂಡಿರಬೇಕು. 1942ರ ಫೆಬ್ರವರಿಯ ಅವರ ಟಿಪ್ಪಣಿಯೊಂದರಲ್ಲಿ ಯಹೂದಿಗಳನ್ನು ಪೂರ್ತಿ ನಾಶಮಾಡುವ ಯೋಜನೆ ಇರುವಂತಿದೆ ಎಂಬ ಅರ್ಥದ ಮಾತಿದೆ. ತಿಳಿದಿತ್ತು. ಪೀಠದ ಮೇಲಿಂದ ಆ ಮಾತನ್ನು ಬಹಿರಂಗವಾಗಿ ಸಾರಲಿಲ್ಲ. ಬೆನ್ನೊ ಅಡಗಿದ್ದನ್ನು ಮನ್ನಿಸಿದ ನಾನು ಈ ಮೌನವನ್ನು ಮನ್ನಿಸಲಾರೆ. ಇಲ್ಲಿ ಪಣಕ್ಕಿದ್ದದ್ದು ಲಕ್ಷಾಂತರ ಜೀವಗಳು.

ಅದೇ ಧರ್ಮಕ್ಷೇತ್ರದಲ್ಲಿ, ಆಗ ಅದಕ್ಕೆ ಸೇರಿದ್ದ ಲೂಬೆಕ್ ಪಟ್ಟಣದಲ್ಲಿ, ಮೂವರು ಯುವ ಗುರುಗಳಿದ್ದರು: ಯೊಹಾನೆಸ್ ಪ್ರಾಸೆಕ್, ಹರ್ಮನ್ ಲಾಂಗೆ, ಎಡ್ವರ್ಡ್ ಮ್ಯೂಲರ್. ಅವರ ಗೆಳೆಯ ಕಾರ್ಲ್ ಫ್ರೀಡ್ರಿಶ್ ಸ್ಟೆಲ್‌ಬ್ರಿಂಕ್, ಲುಥೆರನ್ ಬೋಧಕ. ಮ್ಯೂನ್‌ಸ್ಟರ್ ಬಿಷಪ್ ಗಾಲೆನ್ ನಾಜಿಗಳ ಕೊಲೆಗಳನ್ನು ಖಂಡಿಸಿ ಮಾಡಿದ ಉಪದೇಶಗಳನ್ನು ಈ ನಾಲ್ವರು ನಕಲು ಮಾಡಿ ಹಂಚಿದರು. 1942ರಲ್ಲಿ ಬಂಧನ, 1943ರಲ್ಲಿ ಮರಣದಂಡನೆ. ಬೆರ್ನಿಂಗ್ ಜೈಲಿಗೆ ಹೋಗಿ ತಮ್ಮ ಗುರುಗಳನ್ನು ಕಂಡರು, ಕ್ಷಮಾದಾನಕ್ಕೆ ಅರ್ಜಿ ಹಾಕಿದರು, ಫಲಿಸಲಿಲ್ಲ. ನವೆಂಬರ್ 10ರಂದು ಹ್ಯಾಂಬರ್ಗ್ ಜೈಲಿನಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ನಾಲ್ವರ ತಲೆಯನ್ನೂ ಗಿಲೊಟಿನ್ನಿಗೆ ಕೊಟ್ಟರು. ಸ್ಟೆಲ್‌ಬ್ರಿಂಕ್‌ಗೆ ಅವರ ಸ್ವಂತ ಚರ್ಚು ಮರಳಿ ಗೌರವ ಸಲ್ಲಿಸಿದ್ದು 1993ರಲ್ಲಿ. ಮೂವರು ಕ್ಯಾಥೊಲಿಕ್ ಗುರುಗಳನ್ನು 2011ರ ಜೂನ್ 25ರಂದು ಲೂಬೆಕ್‌ನಲ್ಲಿ ಪುನೀತರೆಂದು ಘೋಷಿಸಿದಾಗ ಸ್ಟೆಲ್‌ಬ್ರಿಂಕ್‌ರನ್ನೂ ಗೌರವದಿಂದ ನೆನೆದರು. 1648ರ ಕರಾರು ಎರಡು ಪಂಥಗಳನ್ನು ಅಕ್ಕಪಕ್ಕದಲ್ಲಿ ಬದುಕಲು ಬಿಟ್ಟಿತ್ತು. ಈ ನಾಲ್ವರು ಒಟ್ಟಿಗೆ ಸತ್ತರು. ಬಿಷಪ್ಪರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಆದರೆ ಆ ಕಾಲದ ಓಸ್ನಾಬ್ರುಕ್ ಚರಿತ್ರೆಯನ್ನು ಅವರಿಲ್ಲದೆ ಬರೆಯಲಾಗದು.

1944ರ ಸೆಪ್ಟೆಂಬರ್ 13ರ ಬಾಂಬ್ ದಾಳಿಯಲ್ಲಿ ಪ್ರಧಾನಾಲಯ ಹೊತ್ತಿ ಉರಿಯಿತು. ಬೆರ್ನಿಂಗ್ 1955ರಲ್ಲಿ ತೀರಿಕೊಂಡರು. ಉತ್ತರಾಧಿಕಾರಿ ಫ್ರಾಂಜ್ ಡೆಮಾನ್ 1957ರ ಮಾರ್ಚ್ 27ರಂದು ಅಭಿಷೇಕ ಪಡೆದು ಅದೇ ದಿನ ಅಸುನೀಗಿದರು. ಆಮೇಲೆ ಹೆಲ್ಮುಟ್ ವಿಟ್ಲರ್ ಮೂವತ್ತು ವರ್ಷ ನಡೆಸಿದರು. ಹ್ಯಾಂಬರ್ಗ್, ಬಾಲ್ಟಿಕ್ ಕರಾವಳಿಯವರೆಗೆ ಚಾಚಿದ್ದ ಕ್ಷೇತ್ರ, ಜರ್ಮನಿ ಒಡೆದಾಗ ಅದರ ಒಂದು ಭಾಗ ಗಡಿಯಾಚೆ ಉಳಿಯಿತು. 1995ರಲ್ಲಿ ಹ್ಯಾಂಬರ್ಗ್ ಮಹಾಧರ್ಮಕ್ಷೇತ್ರವಾಗಿ ಬೇರೆಯಾದಾಗ ಓಸ್ನಾಬ್ರುಕ್‌ನ ಬಿಷಪ್ ಲುಡ್ವಿಗ್ ಆವರ್‌ಕಾಂಪ್ ಅದರ ಮೊದಲ ಮಹಾಧರ್ಮಾಧ್ಯಕ್ಷರಾದರು.

ಅವರ ಜಾಗಕ್ಕೆ ಬಂದ ಫ್ರಾಂಜ್-ಯೋಸೆಫ್ ಬೊಡೆ ಸುಧಾರಣೆಯ ಪರ ಮಾತಾಡುತ್ತಿದ್ದ ಬಿಷಪ್. ಗುರುಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಗಳು ಬೆಳಕಿಗೆ ಬಂದ 2010ರಲ್ಲಿ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ, ಪ್ರಧಾನಾಲಯದ ನೆಲದ ಮೇಲೆ ದೀರ್ಘದಂಡ ಬಿದ್ದು ತಪ್ಪೊಪ್ಪಿಕೊಂಡಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಓಸ್ನಾಬ್ರುಕ್ ವಿಶ್ವವಿದ್ಯಾಲಯದ ಸಂಶೋಧಕರ ಮಧ್ಯಂತರ ವರದಿ ಬಂತು. ಪ್ರಕರಣಗಳನ್ನು ನಿರ್ವಹಿಸಿದ ರೀತಿಯಲ್ಲಿ ಬಿಷಪ್ಪರ ಲೋಪಗಳನ್ನೂ ಅದು ತೋರಿಸಿತು. 2023ರ ಮಾರ್ಚ್ 25ರಂದು ಪೋಪ್ ಫ್ರಾನ್ಸಿಸ್ ಅವರ ರಾಜೀನಾಮೆಯನ್ನು ಅಂಗೀಕರಿಸಿದರು. ಲುಥೆರನ್ ಬಿಷಪ್ ಕಟ್ಟಿಸಿದ ಅರಮನೆಯಲ್ಲಿ ಕೇಂದ್ರವಿರುವ ವಿಶ್ವವಿದ್ಯಾಲಯ ಕ್ಯಾಥೊಲಿಕ್ ಬಿಷಪ್ಪರ ಲೆಕ್ಕ ಕೇಳಿತು, ಬಿಷಪ್ ಲೆಕ್ಕ ಒಪ್ಪಿಸಿದರು. ಹೊಣೆ ಹೊತ್ತು ಪೀಠ ಬಿಡುವುದು ಈ ಪಟ್ಟಿಗೆ ತಡವಾಗಿ ಬಂದ ಪದ್ಧತಿ. ದೌರ್ಜನ್ಯಕ್ಕೆ ತುತ್ತಾದವರ ದೃಷ್ಟಿಯಲ್ಲಿ ಬಹಳವೇ ತಡ.

ಇಂದು ಅಲ್ಲಿ ಬಿಷಪ್ಪರ ಆಯ್ಕೆ ನಡೆಯುವುದು 1929ರಲ್ಲಿ ಪ್ರಷ್ಯಾ ಸರಕಾರವೂ ವ್ಯಾಟಿಕನ್ನೂ ಮಾಡಿಕೊಂಡ ಒಪ್ಪಂದದಂತೆ. ಪ್ರಷ್ಯಾ ಎಂಬ ರಾಜ್ಯ ಅಳಿದುಹೋಗಿದೆ, ಒಪ್ಪಂದ ಉಳಿದಿದೆ. ಗುರುಮಂಡಳಿಯೂ ಹಳೆಯ ಪ್ರಷ್ಯಾ ನೆಲದ ಬಿಷಪ್ಪರೂ ಹೆಸರುಗಳನ್ನು ಕಳಿಸುತ್ತಾರೆ. ರೋಮ್ ಮೂವರನ್ನು ಆರಿಸಿ ಪಟ್ಟಿ ಹಿಂದಕ್ಕೆ ಕಳಿಸುತ್ತದೆ. ಗುರುಮಂಡಳಿ ಗುಪ್ತ ಮತದಾನದಲ್ಲಿ ಒಬ್ಬರನ್ನು ಚುನಾಯಿಸುತ್ತದೆ. ರಾಜ್ಯ ಸರಕಾರದ ರಾಜಕೀಯ ಆಕ್ಷೇಪಣೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪೋಪ್ ನೇಮಿಸುತ್ತಾರೆ. ಬಿಷಪ್ ಅಧಿಕಾರ ವಹಿಸಿಕೊಳ್ಳುವ ಮುನ್ನ ರಾಜ್ಯದ ಮುಖ್ಯಮಂತ್ರಿಯ ಎದುರು ನಿಷ್ಠೆಯ ಪ್ರಮಾಣ ಮಾಡುತ್ತಾರೆ. ಚಕ್ರವರ್ತಿಯೂ ಪೋಪರೂ ಕಾದಾಡಿದ ಪ್ರಶ್ನೆಗೆ ಎಂಟೂವರೆ ಶತಮಾನಗಳ ನಂತರ ದೊರೆತ ಉತ್ತರ ಇದು: ಮೂವರ ಕೈಯೂ ಸೇರಬೇಕು, ಯಾರೊಬ್ಬರ ಕೈಯೂ ಸಾಲದು.

ಈ ಕ್ರಮದಲ್ಲೇ ಪಾಡರ್‌ಬಾರ್ನ್‌ನ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಡೊಮಿನಿಕುಸ್ ಮೈಯರ್ 2024ರ ಮೇ ತಿಂಗಳಲ್ಲಿ ನೇಮಕವಾಗಿ, ಸೆಪ್ಟೆಂಬರ್ 8ರಂದು ಪೀಠವೇರಿದರು. ಅವರು ಧರ್ಮಸಭೆಯ ಕಾನೂನು ಬಲ್ಲವರು, ಬೆನ್ನೊ ಇಬುರ್ಗ್‌ಗೆ ಕರೆತಂದ ಬೆನೆಡಿಕ್ಟನ್ ಸಭೆಗೇ ಸೇರಿದವರು. ನಿಯಮದಂತೆ 75 ತುಂಬಿದಾಗ ಅವರು ರಾಜೀನಾಮೆ ಪತ್ರ ಸಲ್ಲಿಸಬೇಕು. ಆಗ ಗುರುಮಂಡಳಿ ಮುಂದಿನ ಹೆಸರಿಗಾಗಿ ಮತ್ತೆ ಸಭೆ ಸೇರುತ್ತದೆ.